ಶಿವಣ್ಣನ ತೆಳ್ಳನೆಯ ಲ್ಯಾಪ್‌ಟಾಪ್

ಒಂದು ವಯಸ್ಸು ದಾಟಿದ ಮೇಲೆ ನಮ್ಮಿಂದ ಏನಾದರೊಂದನ್ನು ತೆಗೆಯುತ್ತಾ ಹೋಗುವುದೇ ಬದುಕಾಗಿಬಿಡುತ್ತದೆ. ನನ್ನಿಂದ ಮೊದಲು ಹೋದದ್ದು ಗರ್ಭಕೋಶ, ಆಮೇಲೆ ಗಾಲ್ ಬ್ಲ್ಯಾಡರ್, ಆಮೇಲೆ ದವಡೆ ಹಲ್ಲುಗಳು, ಊಟದಲ್ಲಿ ಉಪ್ಪು, ಕಾಫಿಯಲ್ಲಿ ಸಕ್ಕರೆ, ಕೊನೆಗೆ ಯಜಮಾನರು. ಇಷ್ಟೆಲ್ಲ ತೆಗೆದ ಮೇಲೂ ನನ್ನ ಬೆಲೆ ಹೆಚ್ಚಿತೆಂದು ಯಾರೂ ಹೇಳಲಿಲ್ಲ. ಆದರೆ ಇದೇ ಉಪಾಯವನ್ನು ಲ್ಯಾಪ್‌ಟಾಪಿನ ಮೇಲೆ ಪ್ರಯೋಗಿಸಿದ ಕಂಪನಿಯೊಂದಿತ್ತು. ಒಂದೊಂದೇ ಅಂಗ ತೆಗೆಯಿತು, ತೆಗೆದಾಗಲೆಲ್ಲ ಬೆಲೆ ಏರಿಸಿತು, ಅದಕ್ಕೆ ಪ್ರೋಗ್ರೆಸ್ ಎಂದು ಹೆಸರಿಟ್ಟಿತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಉರುಹೊಡೆಸಿದ ಇಂಗ್ಲೆಂಡಿನ ರಾಜರ ಸಾಲು ನನಗೀಗ ಅರ್ಧಕ್ಕೇ ನಿಲ್ಲುತ್ತದೆ. ಈ ಲ್ಯಾಪ್‌ಟಾಪಿನ ವಂಶಾವಳಿ ಮಾತ್ರ ಎಲ್ಲೂ ತಡವರಿಸದೆ ಬರುತ್ತದೆ. ಅದಕ್ಕೆ ಕಾರಣ ನನ್ನ ತಮ್ಮ ಶಿವಣ್ಣ.

ನಾನಿರುವುದು ನಂಜನಗೂಡಿನಲ್ಲಿ. ಅವನು ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಲ್ಯಾಪ್‌ಟಾಪ್ ಎಂದರೆ ಮದುವೆಮನೆಯ ತಾಂಬೂಲದ ಪೆಟ್ಟಿಗೆಯಷ್ಟು ದಪ್ಪವಿದ್ದ ಕಾಲ. ಆಗ ಆ ಕಂಪನಿ ತೆಳ್ಳನೆಯ ಲ್ಯಾಪ್‌ಟಾಪುಗಳ ಒಂದು ಸಾಲನ್ನೇ ಹೊರಡಿಸಿತು. ಮೊದಲನೆಯದರಲ್ಲಿ ಫ್ಲಾಪಿ, ಸಿಡಿ ಹಾಕುವ ಜಾಗಗಳನ್ನು ಕಿತ್ತು ಬೇರೆ ಡಬ್ಬಿಯಲ್ಲಿಟ್ಟು, ವೈರಿನಲ್ಲಿ ಜೋಡಿಸಿಕೊಳ್ಳಿ ಎಂದರು. ಹೆಣ್ಣು ಬಳುಕುತ್ತಾ ಮುಂದೆ ನಡೆದರೆ ಬೀಗರು ಟ್ರಂಕು ಹೊತ್ತು ಹಿಂದೆ ಬಂದ ಹಾಗೆ. ಎರಡನೆಯದರಲ್ಲಿ ವೈರು ಸಿಕ್ಕಿಸುವ ಪಕ್ಕದ ತೂತುಗಳು ಮಾಯವಾದವು. ಮೂರನೆಯದರಲ್ಲಿ ಬ್ಯಾಟರಿಯನ್ನೇ ಹಪ್ಪಳದ ಹಾಗೆ ತಟ್ಟಿ, ಬಿಚ್ಚಲಾಗದಂತೆ ಒಳಗೇ ಕೂರಿಸಿದರು. ಶಿವಣ್ಣನಿಗೆ ಹುಚ್ಚೇ ಹಿಡಿಯಿತು. ಅದನ್ನು ಎರಡೇ ಬೆರಳಲ್ಲಿ ಹಿಡಿದೆತ್ತಿ, "ಇನ್ಮೇಲೆ ಪ್ರಪಂಚವೆಲ್ಲ ಹೀಗೇ ಕಣಕ್ಕಾ," ಎನ್ನುತ್ತಿದ್ದ.

ಪ್ರಪಂಚದ ಮಾತು ಬಿಡಿ, ಅವನ ಗಿರಾಕಿಗಳು ಬರುತ್ತಿದ್ದುದು ಬನ್ನೂರಿನ ಕಡೆಯಿಂದ. ನಮ್ಮ ಕಡೆಯ ಜನ ಏನನ್ನೇ ಕೊಳ್ಳಲಿ, ಮೊದಲು ಕೈಯಲ್ಲಿ ಎತ್ತಿ ತೂಗಿ ನೋಡುತ್ತಾರೆ. ಬೆಲ್ಲದ ಅಚ್ಚು, ಹಿತ್ತಾಳೆ ಚೆಂಬು, ರೇಷ್ಮೆ ಸೀರೆ, ಎಲ್ಲಕ್ಕೂ ಅಂಗೈಯೇ ಜಡ್ಜು. ಒಂದು ಸಲ ನಾನು ಅಂಗಡಿಯಲ್ಲಿದ್ದಾಗ ಯಜಮಾನರೊಬ್ಬರು ಕಾಲೇಜಿಗೆ ಹೋಗುವ ಮಗಳನ್ನು ಕರೆದುಕೊಂಡು ಬಂದರು. ತೆಳ್ಳನೆಯದನ್ನು ಎತ್ತಿ ನೋಡಿ, ಕಿವಿಯ ಹತ್ತಿರ ಹಿಡಿದು ತೆಂಗಿನಕಾಯಿಯಂತೆ ಅಲ್ಲಾಡಿಸಿದರು.

"ಇದ್ಯಾಕ್ ಸಾ ಇಂಗೈತೆ? ಒಳ್ಗೇನೂ ಆಕಿಲ್ವಾ?"

"ಹಗುರ ಇರೋದೇ ಇದರ ಗುಣ ಯಜಮಾನ್ರೇ," ಎಂದ ಶಿವಣ್ಣ.

"ಏನ್ ಗುಣ ಬುಡಿ ಸಾ. ಕಾಯಿ ಅಗುರ ಐತೆ ಅಂದ್ರೆ ನೀರ್ ಇಂಗೋಗೈತೆ ಅಂತ ತಾನೆ?"

ಮಗಳು ನಾಚಿಕೆಯಿಂದ ಗೋಡೆ ನೋಡಿದಳು. ಅವರು ಎರಡು ಕೈಯಲ್ಲಿ ಎತ್ತಬೇಕಾದ ದಪ್ಪನೆಯದೊಂದನ್ನು ಆರಿಸಿ, "ಇದು ನೋಡಿ, ಕೊಟ್ಟ ಕಾಸ್ಗೆ ತಕ್ಕಂಗೈತೆ," ಎಂದು ಸಂತೃಪ್ತಿಯಿಂದ ಹೆಗಲಿಗೇರಿಸಿಕೊಂಡು ಹೋದರು. ನಾನು ನಕ್ಕೆ. ಶಿವಣ್ಣ ನಗಲಿಲ್ಲ. ಆ ಸಾಲಿನ ಒಂದೇ ಒಂದು ಲ್ಯಾಪ್‌ಟಾಪನ್ನೂ ಅವನಿಂದ ಮಾರಲಾಗಲಿಲ್ಲ. ಅಷ್ಟರಲ್ಲಿ ಬೇರೆ ಕಂಪನಿಗಳು ಇನ್ನೂ ತೆಳ್ಳಗೆ, ಇನ್ನೂ ಅಗ್ಗಕ್ಕೆ ಮಾಡಿದವು. ಮೊದಲು ತೆಳ್ಳಗಾದವರು ಸದ್ದಿಲ್ಲದೆ ಆ ಸಾಲನ್ನೇ ನಿಲ್ಲಿಸಿದರು. ಅಂಗಡಿಯೂ ಮುಚ್ಚಿತು. ಷೋಕೇಸಿನಲ್ಲಿದ್ದ ಒಂದನ್ನು ಮಾತ್ರ ಅವನು ಮನೆಗೆ ತಂದು, ಪ್ರತಿ ಆಯುಧಪೂಜೆಗೂ ವಿಭೂತಿ ಹಚ್ಚಿ ಹೂವು ಮುಡಿಸುತ್ತಾ ಬಂದ.

ಹೋದ ವರ್ಷ ಅವನಿಗೆ ಸ್ಟ್ರೋಕ್ ಆಗಿ ಬಲಗಡೆ ಬಿದ್ದುಹೋಯಿತು. ಲ್ಯಾಪ್‌ಟಾಪು ದಿಂಬಿನ ಪಕ್ಕಕ್ಕೆ ಬಂತು. ಕೆಲವು ತಿಂಗಳ ಕೆಳಗೆ ಅವನ ಹೆಂಡತಿ ಗಿರಿಜಾಳ ಫೋನು: "ಅಕ್ಕಾ, ಅದ್ರ ಹೊಟ್ಟೆ ಊದ್ಕೊಂಡಿದೆ. ಮುಚ್ಚಳಾನೇ ಕೂರ್ತಿಲ್ಲ. ಅಕ್ಕಿ ಮೂಟೆ ಹೇರಿಟ್ಟಿದ್ದೆ, ಇನ್ನೂ ಜಾಸ್ತಿ ಆಯ್ತು."

"ಅಕ್ಕಿ ಮೂಟೇನಾ? ಓ ಮೈ ಗಾಡ್, ಯಾಕೆ?"

"ಹಪ್ಪಳ ಸೊಟ್ಟಗಾದ್ರೆ ಹೇರಲ್ವಾ? ಅದೂ ತೆಳ್ಳಗಿತ್ತಲ್ಲ, ಸರಿಹೋಗತ್ತೆ ಅಂತ."

ಗಿರಿಜಾಳನ್ನು ಬಯ್ಯಲು ಬಾಯಿ ಬರಲಿಲ್ಲ. ನನ್ನ ಸೀರೆಗಳೆಲ್ಲ ಇಸ್ತ್ರಿಯಾಗುವುದು ಹಾಸಿಗೆಯ ಕೆಳಗೆ, ನನ್ನದೇ ಭಾರದಲ್ಲಿ. ಊದಿರುವುದು ಬ್ಯಾಟರಿ, ಒತ್ತಿದರೆ ಬೆಂಕಿ ಹತ್ತಿಕೊಳ್ಳಬಹುದು, ಬಿಸಾಕಿ ಎಂದು ಆಮೇಲೆ ಬಂದು ನೋಡಿದ ರಿಪೇರಿಯವನು ಹೇಳಿದನಂತೆ. ಎದ್ದು ಓಡಲಾರದವನ ದಿಂಬಿನ ಪಕ್ಕದಲ್ಲಿ ಅಂಥದ್ದು! ಅವನೋ ಮುಟ್ಟಗೊಡುತ್ತಿಲ್ಲ. "ನಿಮ್ ಮಾತಾದ್ರೆ ಕೇಳ್ತಾರೆ, ನೀವೇ ಬಂದು ತಗೊಂಡ್ ಹೋಗಿ," ಎಂದಳು.

ಹೋದೆ. ಬಸ್ಸಿನುದ್ದಕ್ಕೂ ಸಮಾಧಾನದ ಮಾತುಗಳನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಂಡೆ. ದುಃಖದ ಮಾತು ಇಂಗ್ಲಿಷಿನಲ್ಲಾದರೆ ಸ್ವಲ್ಪ ದೂರದಿಂದ ಹೇಳಬಹುದು, ಅದೊಂದು ಅನುಕೂಲ. ಶಿವಣ್ಣ ಎಷ್ಟು ಇಳಿದುಹೋಗಿದ್ದನೆಂದರೆ ಹೊದಿಕೆಯ ಕೆಳಗೆ ಯಾರಾದರೂ ಇದ್ದಾರೆಯೇ ಎಂದು ನೋಡಬೇಕಿತ್ತು. ಸೊಟ್ಟಬಾಯಲ್ಲೇ ಕೇಳಿದ: "ನೀನೂ ಬಿಸಾಕಕ್ಕೇ ಬಂದ್ಯಾ?"

"ಹೊಸದು ತಂದ್ಕೊಡ್ತೀನಿ ಕಣೋ. ನೌ ಎವೆರಿಥಿಂಗ್ ಈಸ್ ಥಿನ್."

"ಅದೇ ಕಣಕ್ಕಾ. ಈಗ ಎಲ್ಲಾ ತೆಳ್ಳಗೆ. ಊರೆಲ್ಲ ನಗ್ತಿದ್ದಾಗ ನಾನ್ ಹೇಳಿದ್ದೇ ಸರಿ ಅನ್ನೋಕೆ ಇದೊಂದೇ ಉಳ್ಕೊಂಡಿರೋದು. ಇದೂ ಹೋದ್ರೆ ನಾನು ಲಾಸ್ ಮಾಡ್ಕೊಂಡ ಶಿವಣ್ಣ, ಅಷ್ಟೇ."

ಜೋಡಿಸಿಕೊಂಡು ಬಂದ ಇಂಗ್ಲಿಷನ್ನೆಲ್ಲ ಬದಿಗಿಟ್ಟೆ. "ಬಿಸಾಕಲ್ಲ, ವಾಪಸ್ ತರ್ತೀನಿ, ಪ್ರಾಮಿಸ್," ಎಂದು ಕೈಯ ಮೇಲೆ ಕೈಯಿಟ್ಟು, ಅದನ್ನು ಉಬ್ಬಿದ ಪೂರಿಯಂತೆ ಹುಷಾರಾಗಿ ಎತ್ತಿಕೊಂಡು ರಿಪೇರಿಯವನಲ್ಲಿಗೆ ಹೋದೆ. ಹೊಸ ಬ್ಯಾಟರಿ ಎಲ್ಲೂ ಸಿಗುವುದಿಲ್ಲವಂತೆ. ಊದಿದ್ದನ್ನು ತೆಗೆದುಹಾಕಿದ. ಇನ್ನು ಮೇಲೆ ವೈರು ಸಿಕ್ಕಿಸಿದರೆ ಮಾತ್ರ ಜೀವ. ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಿ ಎಂದು ಹೊರಟಿದ್ದ ಯಂತ್ರ ಮಂಚದ ಪಕ್ಕದ ಗೋಡೆಗೆ ಕಟ್ಟಿದ ಕರುವಾಯಿತು.

ಮನೆಗೆ ತಂದು ವೈರು ಸಿಕ್ಕಿಸಿ, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಕಾದ ಮೇಲೆ ಪರದೆ ಬೆಳಗಿತು. ಶಿವಣ್ಣ ಎಡಗೈಯ ಎರಡು ಬೆರಳಲ್ಲಿ ಅದರ ಮೂಲೆ ಹಿಡಿದು ಎತ್ತಿದ. "ನೋಡಿ ಮೇಡಂ, ಎಷ್ಟು ಹಗುರ," ಎಂದ. ತಮಾಷೆಯೋ, ತಲೆಯಲ್ಲಿ ಏನಾದರೂ ಕಲಸಿಹೋಯಿತೋ ತಿಳಿಯಲಿಲ್ಲ, ಕೇಳಲು ಧೈರ್ಯವಾಗಲಿಲ್ಲ. ಮೊದಲನೆಯದು, ಎರಡನೆಯದು, ಮೂರನೆಯದು ಎಂದು ವಂಶಾವಳಿ ಪೂರ್ತಿ ಹೇಳಿದ. ಕೊನೆಗೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ಅವನು ಮಾತ್ರ ಪಕ್ಕಾ ಅಂಗಡಿಯವನ ಗತ್ತಿನಲ್ಲಿ, "ಕರೆಂಟ್ ಬಂದ್ಮೇಲೆ ಮಿಕ್ಕಿದ್ದು ತೋರಿಸ್ತೀನಿ. ಒಂದು ಬುಕ್ ಮಾಡ್ಲಾ?" ಎಂದ.

ಬಾಗಿಲಲ್ಲಿ ನಿಂತಿದ್ದ ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡಳು.

"ಮಾಡು," ಎಂದೆ.

"ಕಪ್ಪು ಬಣ್ಣ ಒಂದೇ ಬರೋದು."

"ಕಪ್ಪೇ ಇರ್ಲಿ."

ಹೀಗೆ ನಾನು ಆ ಸಾಲಿಗೆ ಅವನ ಮೊದಲ ಗಿರಾಕಿಯಾದೆ. ಈಗ ಪ್ರತಿ ಸಲ ಹೋದಾಗಲೂ ಅವನು ಕ್ಷಮೆ ಕೇಳುತ್ತಾನೆ: "ಸ್ಟಾಕ್ ಬಂದಿಲ್ಲ, ಕಂಪನಿಯವರಿಗೆ ಹೇಳಿದೀನಿ." ನಾನು ಸುಮ್ಮನಿದ್ದರೆ ಮುಖ ಸಣ್ಣಗಾಗುತ್ತದೆ. ಬೈದರೆ ಅರಳುತ್ತದೆ, ಜಗಳವಾಡುವ ಗಿರಾಕಿ ತಾನೆ ನಿಜವಾದ ಗಿರಾಕಿ. ಕಾನ್ವೆಂಟಿನಲ್ಲಿ ಸಾಫ್ಟ್ ಸ್ಪೋಕನ್ ಎಂದು ಪ್ರೈಜು ಪಡೆದವಳಾದ್ದರಿಂದ ನನಗೆ ಬಸ್ಸಿನಲ್ಲೇ ರಿಹರ್ಸಲ್ ಬೇಕು. "ಏನ್ರೀ ಇದು ನಿಮ್ಮ ಸರ್ವಿಸ್ಸು? ಎಷ್ಟು ಸಲ ಅಲೆದಾಡಿಸ್ತೀರಿ?" ಎಂದು ಗೊಣಗುತ್ತಾ ಕೂತರೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. "ಬೇಗ ತರಿಸ್ರೀ, ನನಗೂ ಹೆಚ್ಚು ಟೈಮಿಲ್ಲ," ಎಂಬ ಕೊನೆಯ ಮಾತೊಂದಕ್ಕೆ ಮಾತ್ರ ರಿಹರ್ಸಲ್ ಬೇಕಾಗುವುದಿಲ್ಲ.