ಮಾವನ ಟ್ರ್ಯಾಕ್ಟರಿಗೆ ಹೊಸ ಸೀಟು

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಅಂಗೈಯಗಲದ ಒಂದು ತೂತು. ಅದು ಇದ್ದದ್ದು ಹಿತ್ತಲಿನ ಶೆಡ್ಡಿನಲ್ಲಿ ನಿಂತಿದ್ದ ಹಳೇ ಗಾರ್ಡನ್ ಟ್ರ್ಯಾಕ್ಟರಿನ ಸೀಟಿನಲ್ಲಿ. ಟ್ರ್ಯಾಕ್ಟರ್ ಅಂದಕೂಡಲೇ ಹೊಲ ಉಳುವ ದೈತ್ಯನನ್ನು ಊಹಿಸಿಕೊಳ್ಳಬೇಡಿ. ಇದು ಹುಲ್ಲು ಕತ್ತರಿಸುವ ಪುಟಾಣಿ ಗಾಡಿ. ಕರುವಿನಷ್ಟು ಎತ್ತರ, ಪಕ್ಕದಲ್ಲಿ ನಡೆಯುವವರ ಜೊತೆ ಹರಟೆ ಹೊಡೆದುಕೊಂಡು ಹೋಗುವಷ್ಟು ವೇಗ. ಸೀಟೆಂದರೆ ತಗಡಿನ ಒಂದು ಬೋಗುಣಿ, ಒಳಗೆ ಒಂದಿಷ್ಟು ಫೋಮು, ಮೇಲೆ ಕರೀ ರೆಕ್ಸಿನ್ನು. ನಲವತ್ತಾರು ವರ್ಷಗಳಲ್ಲಿ ಫೋಮು ಪುಡಿಪುಡಿಯಾಗಿ ಉದುರಿ, ರೆಕ್ಸಿನ್ನು ಬಿರಿದು, ತಗಡು ಹೊರಗೆ ಇಣುಕುತ್ತಿತ್ತು.

ನಮ್ಮ ಗುಮಾಸ್ತನಿಗೆ ಅದರ ಪರಿವೆಯೇ ಇರಲಿಲ್ಲ. ನೀರಿನ ಆಫೀಸಿನಲ್ಲಿ ಕೆಲಸ, ಆಳು ಬಹಳ ಕುಳ್ಳ; ಸಹೋದ್ಯೋಗಿಗಳು ಅವನನ್ನು ‘ಅರ್ಧ ಫೈಲು’ ಎನ್ನುತ್ತಿದ್ದರು. ವಾರದ ಆರು ದಿನ ಊರಿನವರೆಲ್ಲ ತಮ್ಮ ತಮ್ಮ ನಲ್ಲಿಯ ಸಿಟ್ಟನ್ನು ಅವನ ತಲೆಯ ಮೇಲೆ ಸುರಿಯುತ್ತಿದ್ದರು. ಭಾನುವಾರ ಊಟವಾದ ಮೇಲೆ ಅರ್ಧ ಗಂಟೆ ಮಾತ್ರ ಅವನದು. ಟವೆಲ್ ಮಡಚಿ ತೂತಿನ ಮೇಲೆ ಹಾಕಿಕೊಂಡು ಕೂತು, ಮೂವತ್ತು ಹೆಜ್ಜೆಯ ಹಿತ್ತಲನ್ನು ಸುತ್ತುತ್ತಿದ್ದ. ಮೊದಲನೇ ಸುತ್ತಿಗೆ ಕಾಂಪೌಂಡು ಗೋಡೆ ಕರಗುತ್ತಿತ್ತು. ಎರಡನೆಯದಕ್ಕೆ ಹುಲ್ಲಿನ ವಾಸನೆ ಏರಿ ಎಲ್ಲೆಲ್ಲೂ ನೀಲಿ ಬೆಟ್ಟಗಳು ಏಳುತ್ತಿದ್ದವು. ಮೂರನೆಯದಕ್ಕೆ ಅವನು ಯಾರ ಗುಮಾಸ್ತನೂ ಅಲ್ಲ. ಎಂಜಿನ್ನಿನ ಗುಡುಗುಡುವಿನಲ್ಲಿ ಎತ್ತಲೋ ತೇಲಿಹೋಗುವ ಒಬ್ಬ ಸುಖಿ. ಆ ಅರ್ಧ ಗಂಟೆ ಇಲ್ಲದಿದ್ದರೆ ಅವನು ಎಂದೋ ಕೆಲಸಕ್ಕೆ ರಾಜೀನಾಮೆ ಬಿಸಾಕುತ್ತಿದ್ದ.

ಆ ಭಾನುವಾರ ಬೆಳಿಗ್ಗೆ ಹೆಂಡತಿ ಫೋನು ಇಟ್ಟು ಬಂದಳು.

"ರೀ, ಅಪ್ಪ ಸಾಯಂಕಾಲ ನಾಲ್ಕಕ್ಕೆ ಬರ್ತಾರಂತೆ. ಟ್ರ್ಯಾಕ್ಟರ್ ವಿಷಯ ಏನೋ ಮಾತಾಡ್ಬೇಕಂತೆ."

ಗುಮಾಸ್ತ ಓದುತ್ತಿದ್ದ ಪೇಪರನ್ನು ಮಡಚಿಟ್ಟ. ಟ್ರ್ಯಾಕ್ಟರು ಮಾವನದು. ಎರಡು ವರ್ಷದ ಹಿಂದೆ, "ನಂಗೆ ಸಾಕಾಯ್ತು, ನೀವಿಟ್ಕೊಳ್ಳಿ ಅಳಿಯಂದ್ರೇ" ಎಂದು ತಂದು ನಿಲ್ಲಿಸಿ ಹೋಗಿದ್ದರು. ಅದಕ್ಕೆ ಷಡ್ಡಕನೂ ಕಣ್ಣು ಹಾಕಿದ್ದ. ಮೊನ್ನೆ ಇಲ್ಲಿಗೆ ಬಂದವನು ಸೀಟು ನೋಡಿ, "ಛೇ, ಎಂಥಾ ಗಾಡಿ ಹೆಂಗಿಟ್ಟಿದೀರಿ ಭಾವ! ಮಾವ ನೋಡಿದ್ರೆ ಹೊಟ್ಟೆ ಉರ್ಕೋತಾರೆ" ಎಂದು ಲೊಚಗುಟ್ಟಿದ್ದ.

"ಅವನು ಹೋಗಿ ಚಾಡಿ ಹೇಳಿದಾನೆ ಕಣೇ. ಮಾವ ಗಾಡಿ ಕಿತ್ಕೊಂಡು ಅವನಿಗೆ ಕೊಡ್ತಾರೆ!"

"ಹಾಗಿದ್ರೆ ನಾಲ್ಕರೊಳಗೆ ಸೀಟು ಸರಿ ಮಾಡ್ಸಿ. ನಂಗ್ಯಾಕೆ ಹೇಳ್ತೀರಿ?" ಎಂದು ಹೆಂಡತಿ ಒಗೆಯುವ ಬಟ್ಟೆ ಎತ್ತಿಕೊಂಡು ಹೋದಳು.

ಭಾನುವಾರ ಯಾವ ಕುಶನ್ ಅಂಗಡಿ ತೆಗೆದಿರುತ್ತದೆ? ಗುಮಾಸ್ತ ತಾನೇ ಸ್ಪಾನರ್ ಹಿಡಿದು ಸೀಟಿನ ಕೆಳಗೆ ಅಂಗಾತ ಮಲಗಿದ. ನಾಲ್ಕು ಬೋಲ್ಟು, ನಾಲ್ಕೂ ತುಕ್ಕು. ಮಲಗಿದ್ದೇ ತಪ್ಪಾಯಿತು. ಶೆಡ್ಡಿನ ಸೀಳಿನಿಂದ ಬಿಸಿಲು ಮೈಮೇಲೆ ಬಿದ್ದು, ಎಣ್ಣೆಯ ವಾಸನೆ ಹಿತವಾಗಿ, ಕಣ್ಣು ತಾನಾಗಿ ಮುಚ್ಚಿತು. ಕಣ್ಣು ತೆರೆದಾಗ ಗಂಟೆ ಹನ್ನೊಂದಾಗಿತ್ತು. ಮುಖದ ಮೇಲೆ ಎದುರುಮನೆಯ ಡ್ರೈವರಣ್ಣನ ಮೀಸೆ ಬಗ್ಗಿತ್ತು.

ಡ್ರೈವರಣ್ಣ ಬಸ್ಸು ಓಡಿಸಿ ನಿವೃತ್ತನಾದವನು. ಯಾರ ಮನೆಯಲ್ಲಿ ಸ್ಪಾನರ್ ಸದ್ದಾದರೂ ಹಾಜರ್.

"ಏನ್ ಗುಮಾಸ್ತ್ರೇ, ಗಾಡಿ ಕೆಳಗೇ ಸಂಸಾರ ಹೂಡಿದ್ರಾ? ಏಳಿ, ಏಳಿ. ಮೂವತ್ತು ವರ್ಷ ಸೀಟಿನ ಮೇಲೇ ಬದುಕಿದೋನು ನಾನು. ಸೀಟಿನ ವಿಷ್ಯ ನಂಗೆ ಬಿಡಿ."

ಬಿಟ್ಟ. ಡ್ರೈವರಣ್ಣ ಉಸಿರು ಬಿಗಿಹಿಡಿದು ಒಂದು ತಿರುವು ಕೊಟ್ಟದ್ದೇ, ಹಿಂದಿನ ಬೋಲ್ಟು ಟಣ್ಣೆಂದು ಮುರಿದು ಬಿತ್ತು.

"ಹೋಗ್ಲಿ ಬಿಡಿ, ಮೂರೇ ಸಾಕು. ಸೀಟು ಸ್ವಲ್ಪ ತೂಗತ್ತೆ ಅಷ್ಟೆ, ಅದೂ ಒಂಥರಾ ಸುಖಾನೇ" ಎಂದು ಅವನು ಕೈ ಒರೆಸಿಕೊಂಡ.

ಹಳೇ ರೆಕ್ಸಿನ್ನು ಕಿತ್ತು, ತಗಡು ಉಜ್ಜಿ ತೊಳೆದು ಬಿಸಿಲಿಗಿಟ್ಟರು. ರೆಕ್ಸಿನ್ ತುಂಡೊಂದು ಡ್ರೈವರಣ್ಣನ ಅಟ್ಟದಲ್ಲೇ ಸಿಕ್ಕಿತು; ಇನ್ನು ಹೊಲಿಗೆಯಾಗಬೇಕು. ಬೀದಿಯಲ್ಲಿ ಹೊಲಿಗೆ ಮೆಷಿನ್ನು ಇದ್ದದ್ದು ಪಕ್ಕದ ಮನೆಯ ಟೈಲರಮ್ಮನ ಹತ್ತಿರ. ಇಪ್ಪತ್ತು ವರ್ಷದಿಂದ ಆಕೆ ಹೊಲಿದದ್ದು ಶಾಲೆ ಮಕ್ಕಳ ಯೂನಿಫಾರಂ ಒಂದೇ. ಗುಮಾಸ್ತ ಬೋಗುಣಿಯನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಆಕೆಯ ಮೇಜಿನ ಮೇಲೆ ಕೂರಿಸಿದ.

"ಅಕ್ಕಾ, ನೀವೇ ಕಾಪಾಡ್ಬೇಕು."

ಟೈಲರಮ್ಮ ಕನ್ನಡಕ ಏರಿಸಿ, ಟೇಪು ಬೀಸಿ ಬೋಗುಣಿಯ ಸುತ್ತಳತೆ ತೆಗೆದರು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಅಭ್ಯಾಸಬಲದಿಂದ ಕೇಳಿದರು: "ವಯಸ್ಸೆಷ್ಟು?"

ಗುಮಾಸ್ತನ ಕಣ್ಣು ಕಿಟಕಿಯಾಚೆ ತೇಲುವ ಮೋಡದ ಮೇಲಿತ್ತು. "ನಲವತ್ತಾರು" ಎಂದ.

"ಹೂಂ, ಚೆನ್ನಾಗಿ ಮೈ ಬಿಟ್ಟಿದೆ" ಎಂದು ಅವರು ಕತ್ತರಿ ಹಿಡಿದರು. ಮೆಷಿನ್ನು ಟಕಟಕಟಕ ಓಡಿತು. ಆ ಸದ್ದು ದೂರದ ರೈಲಿನಂತೆ ಕೇಳಿ, ಗುಮಾಸ್ತ ಸ್ಟೂಲಿನ ಮೇಲೆ ಕೂತಲ್ಲೇ ಎರಡು ಬೆಟ್ಟ ದಾಟಿದ.

ಅವನು ಇಳಿದು ಬರುವಷ್ಟರಲ್ಲಿ ಕವರು ಸಿದ್ಧವಾಗಿತ್ತು. ಹೊಲಿಗೆ ಮುತ್ತು ಪೋಣಿಸಿದಂತಿತ್ತು. ಬೋಗುಣಿಗೆ ತೊಡಿಸಿ ನೋಡಿದರೆ ಎಲ್ಲ ಕಡೆಯೂ ಜೋಲುತ್ತಿತ್ತು.

"ಅಕ್ಕಾ, ದೊಡ್ಡದಾಯ್ತಲ್ಲಾ!"

"ಆಗದೆ ಏನು? ಸುತ್ತ ಎರಡೆರಡು ಇಂಚು ಜಾಸ್ತಿ ಬಿಟ್ಟಿದೀನಿ. ಮಕ್ಕಳು ಬೆಳೀತಾರೆ, ತಾಯಂದಿರು ಆಮೇಲೆ ನನ್ನನ್ನ ಬೈತಾರೆ."

"ಅಕ್ಕಾ, ಇದು ಟ್ರ್ಯಾಕ್ಟರ್ ಸೀಟು. ಬೆಳೆಯಲ್ಲ!"

ಟೈಲರಮ್ಮ ಒಂದು ಕ್ಷಣ ಬೋಗುಣಿಯನ್ನು ದಿಟ್ಟಿಸಿದರು. ಕೈ ತಪ್ಪಿದ್ದು ಅವರಿಗೂ ಗೊತ್ತಾಯಿತು. ಆದರೆ ಒಪ್ಪಿಕೊಂಡರೆ ಇಪ್ಪತ್ತು ವರ್ಷದ ಹೆಸರು ಏನಾಗಬೇಕು? "ನಾನು ಹಾಕಿದ ಹೊಲಿಗೆ ನಾನೇ ಬಿಚ್ಚಿದ್ದು ಇವತ್ತಿನವರೆಗೂ ಇಲ್ಲ. ಬಟ್ಟೆ ದೊಡ್ಡದಾದ್ರೆ ಮೈ ದಪ್ಪ ಮಾಡ್ಕೋಬೇಕು. ಒಳಗೆ ಏನಾದ್ರೂ ತುಂಬಿ" ಎಂದುಬಿಟ್ಟರು.

ಗಂಟೆ ಎರಡೂವರೆ. ತುಂಬುವ ಕೆಲಸ ಶುರುವಾಯಿತು. ಡ್ರೈವರಣ್ಣ ತನ್ನ ಅಟ್ಟದಿಂದ ಹಳೇ ಬಸ್ ಸೀಟಿನ ಫೋಮು ತಂದ. ಸಾಲಲಿಲ್ಲ. ಟೈಲರಮ್ಮ ಒಂದು ಚೀಲ ಚಿಂದಿಬಟ್ಟೆ ತಂದುಕೊಟ್ಟರು. ಒಂದು ಮೂಲೆ ಇನ್ನೂ ಜೋಲುತ್ತಿತ್ತು.

"ನಿಮ್ಮ ದಿಂಬು ಇದೆಯಲ್ಲಾ, ತರ್ತೀನಿ ಇರಿ" ಎಂದಳು ಹೆಂಡತಿ.

"ನನ್ನ ದಿಂಬೇ ಯಾಕೆ?"

"ನನ್ನದಕ್ಕೆ ಹೊಸ ಕವರ್ ಹಾಕಿದೀನಿ."

ದಿಂಬೂ ಹೋಯಿತು. ಬೋಲ್ಟು ಬಿಗಿದು, ಎಲ್ಲರೂ ಹಿಂದೆ ಸರಿದು ನೋಡಿದರು. ಸೀಟು ಉಬ್ಬಿ ಉಬ್ಬಿ ಒಂದು ಗುಡ್ಡವಾಗಿ, ಬಿಸಿಲಿಗೆ ಮಿರಮಿರ ಹೊಳೆಯುತ್ತಿತ್ತು. ಚೆಂದವೇನೋ ಇತ್ತು. ಗುಮಾಸ್ತ ಒಂದು ಕಾಲು ಎತ್ತಿ, ಇನ್ನೊಂದು ಎತ್ತಿ, ಡ್ರೈವರಣ್ಣನ ಭುಜ ಹಿಡಿದು ಹತ್ತಿ ಕೂತ. ಆಹಾ! ಮೋಡದ ಮೇಲೆ ಕೂತ ಹಾಗಿತ್ತು. ಕಾಲು ಚಾಚಿದ. ಪೆಡಲ್ಲು ಸಿಗಲಿಲ್ಲ. ಇನ್ನೂ ಚಾಚಿದ. ಕ್ಷೌರದಂಗಡಿಯ ಹಲಗೆಯ ಮೇಲೆ ಕೂತ ಹುಡುಗನ ಹಾಗೆ ಎರಡು ಕಾಲೂ ಗಾಳಿಯಲ್ಲಿ ಆಡುತ್ತಿದ್ದವು.

ಅಷ್ಟರಲ್ಲೇ ಗೇಟಿನ ಸದ್ದಾಯಿತು. ಮಾವನವರು ಬಂದರು.

ಮಾವ ಆರಡಿ ಮೂರಂಗುಲದ ಮನುಷ್ಯ. ಮಗಳ ಮನೆಯ ಯಾವ ಬಾಗಿಲಲ್ಲೂ ತಲೆ ಬಗ್ಗಿಸದೆ ಒಳಗೆ ಬಂದವರಲ್ಲ. ಸೀದಾ ಹಿತ್ತಲಿಗೆ ಬಂದು, ಕೈ ಹಿಂದೆ ಕಟ್ಟಿ, ಮೇಲೆ ತೂಗಾಡುತ್ತಿದ್ದ ಅಳಿಯನನ್ನೂ ಕೆಳಗಿನ ಸೀಟನ್ನೂ ಬಹಳ ಹೊತ್ತು ನೋಡಿದರು.

"ಮಾವ, ಸೀಟು ಹಾಳಾಗಿತ್ತು ನಿಜ. ಇವತ್ತೇ ಸರಿ ಮಾಡ್ಸಿದೀನಿ. ದಯವಿಟ್ಟು ಗಾಡಿ ಮಾತ್ರ ಅವನಿಗೆ..." ಗುಮಾಸ್ತ ಸ್ಟೇರಿಂಗನ್ನು ಎರಡೂ ಕೈಯಿಂದ ತಬ್ಬಿಕೊಂಡ.

"ಇಳೀರಿ" ಎಂದರು ಮಾವ.

ಡ್ರೈವರಣ್ಣ ಕಂಕುಳಿಗೆ ಕೈ ಹಾಕಿ ಇಳಿಸಿದ. ಮಾವ ಸುಮ್ಮನೆ ಕಾಲು ದಾಟಿಸಿ ಕೂತರು. ಎರಡು ಪಾದಗಳೂ ಪೆಡಲ್ಲಿನ ಮೇಲೆ ಹೇಳಿ ಮಾಡಿಸಿದ ಹಾಗೆ ಕೂತವು. ಸೀಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ತೂಗಿತು. ಮಾವನ ಬಾಯಿಂದ "ಹಾ..." ಎಂಬ ಉಸಿರು ಹೊರಟಿತು. ಆಮೇಲೆ ಕಣ್ಣು ಮುಚ್ಚಿದರು.

"ಅಪ್ಪಾ?" ಎಂದಳು ಮಗಳು.

"ಅಳಿಯಂದ್ರೇ," ಎಂದರು ಮಾವ, ಕಣ್ಣು ತೆರೆಯದೆ. "ಈ ಗಾಡಿ ಅಂದ್ರೆ ನಂಗೆ ಪ್ರಾಣ. ಆದ್ರೆ ಸೀಟು ತಗ್ಗು. ಕೂತ್ರೆ ಮಂಡಿ ಗಲ್ಲಕ್ಕೆ ಬಡೀತಿತ್ತು, ಸೊಂಟ ಹಿಡ್ಕೋತಿತ್ತು. ಆ ಸಂಕಟಕ್ಕೇ ನಿಮಗೆ ಕೊಟ್ಟಿದ್ದು. ನಾಚಿಕೆಗೆ ಯಾರ ಹತ್ರಾನೂ ಬಾಯಿ ಬಿಡಲಿಲ್ಲ. ಇನ್ನು ಇದು ನನ್ನ ಕೈಲಾಗದ ಗಾಡಿ, ನಿಮ್ಮ ಹೆಸರಿಗೇ ಪೂರ್ತಿ ಬರೆದುಕೊಟ್ಟು ಬರೋಣ ಅಂತ ಇವತ್ತು ಕಾಗದ ತಂದಿದ್ದೆ."

ಅವರು ಜೇಬಿನಿಂದ ಕಾಗದ ತೆಗೆದರು. ಸಹಿಯೂ ಆಗಿತ್ತು. ಗುಮಾಸ್ತ ಕೈ ಚಾಚಿದ.

ಮಾವ ಕಾಗದವನ್ನು ನಾಲ್ಕಾಗಿ ಹರಿದು ಡ್ರೈವರಣ್ಣನ ಕೈಗಿಟ್ಟರು. "ನೀವು ನನ್ನ ಅಳತೆಗೇ ಸೀಟು ಮಾಡ್ಸಿದೀರಲ್ಲ, ಮಹಾರಾಯ್ರೇ! ಹೆತ್ತ ಮಗನೂ ಹೀಗೆ ನೋಡ್ಕೊಳ್ತಿರ್ಲಿಲ್ಲ. ಇನ್ನು ಇದನ್ನ ಬಿಟ್ಟಿರೋಕೆ ನನ್ನ ಕೈಲಾಗಲ್ಲಪ್ಪ."

ಟೈಲರಮ್ಮ ಹೆಮ್ಮೆಯಿಂದ ಎಲ್ಲರ ಮುಖ ನೋಡಿದರು. "ಅದಕ್ಕೇ ಬಿಟ್ಟಿದ್ದು ಎರಡಿಂಚು" ಎಂದರು.

ಎಂಜಿನ್ನು ಗುಡುಗುಟ್ಟಿತು. ಮಾವ ಗೇಟು ದಾಟಿ, ಸಂಜೆಯ ಹೊಂಬಿಸಿಲಿನಲ್ಲಿ, ಇರುವೆ ಸಾಲಿನ ವೇಗದಲ್ಲಿ ಬೀದಿಗಿಳಿದರು. ಗುಮಾಸ್ತನಿಗೆ ಗಟ್ಟಿಯಾಗಿ ಅತ್ತುಬಿಡಬೇಕೆನಿಸಿತು. ಅಳುವುದಕ್ಕೂ ಪುರಸೊತ್ತು ಸಿಗಲಿಲ್ಲ. ಹೆಂಡತಿ ಬೆನ್ನಿಗೆ ಕೈಯಿಟ್ಟು ತಳ್ಳಿದಳು.

"ರೀ, ಅಪ್ಪನ ಕಣ್ಣು ನೋಡ್ರೀ, ಅರ್ಧ ಮುಚ್ಚಿದೆ! ಯಾರಿಗಾದ್ರೂ ಗುದ್ದಿಬಿಟ್ಟಾರು. ಮನೆ ಮುಟ್ಟೋವರೆಗೂ ಸ್ಟೇರಿಂಗ್ ಹಿಡ್ಕೊಂಡು ಜೊತೇಲಿ ನಡೀರಿ."

ಮಾವನ ಮನೆ ಮೂರು ಮೈಲಿ. ಗುಮಾಸ್ತ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಇನ್ನೊಂದರಲ್ಲಿ ಎದುರು ಬಂದವರಿಗೆ "ಸರೀರಿ, ಸ್ವಲ್ಪ ಸರೀರಿ" ಎಂದು ಸನ್ನೆ ಮಾಡುತ್ತ ನಡೆದ. ಮೇಲೆ ಮಾವನ ಮುಖದಲ್ಲಿ ಎಳೆಮಗುವಿನ ನಗು. ಎರಡನೇ ತಿರುವಿನಲ್ಲಿ ಗುಮಾಸ್ತ ಧೈರ್ಯ ಮಾಡಿ ಬಾಯಿ ತೆರೆದ.

"ಮಾವ, ಭಾನುವಾರ ಒಂದರ್ಧ ಗಂಟೆ ನಾನು..."

"ಶ್! ಮಾತಾಡ್ಬೇಡಿ, ದೋಣಿ ಅಲುಗಾಡತ್ತೆ" ಎಂದರು ಮಾವ. "ದಡ ಬಂದಾಗ ಎಬ್ಬಿಸಿ."