ನಾವು ಊರಲ್ಲಿ ಇಲ್ಲದಾಗ ನಮ್ಮ ಹಿತ್ತಿಲು

ಬೇಸಿಗೆ ರಜೆಯಲ್ಲಿ ನಾಲ್ಕು ದಿನ ಊರು ಬಿಟ್ಟು ಹೋಗಿ ಬಂದರೆ ನಮ್ಮ ಹಿತ್ತಿಲಿನಲ್ಲಿ ಏನಾದರೊಂದು ಆಗಿಯೇ ಆಗಿರುತ್ತದೆ. ಇದು ನಮ್ಮ ಗ್ರಹಚಾರವೋ, ಸುತ್ತಮುತ್ತಲಿನವರ ಪ್ರೀತಿಯೋ ನನಗೆ ಇನ್ನೂ ತಿಳಿದಿಲ್ಲ. ಗ್ರಹಚಾರವಾದರೆ ಬೈಯಲು ಎದುರಿಗೆ ಯಾರೂ ಇಲ್ಲ. ಪ್ರೀತಿಯಾದರೆ ಎದುರಿಗೇ ಇದ್ದಾರೆ, ಆದರೆ ಬೈಯುವಂತಿಲ್ಲ. ಹೊಟ್ಟೆಯೊಳಗೆ ಇಟ್ಟುಕೊಂಡರೆ ಪಿತ್ತ ಹೆಚ್ಚುತ್ತದೆ ಎಂದು ಬರೆಯುತ್ತಿದ್ದೇನೆ.

ಆಲಂಕಾರು ಪೇಟೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಮೇ ತಿಂಗಳ ನಡುವಿನಿಂದ ಶಾಲೆಮಕ್ಕಳ ಯೂನಿಫಾರ್ಮ್ ಹೊಲಿಗೆ ಶುರುವಾದರೆ ಮತ್ತೆ ತಲೆ ಎತ್ತಲು ಪುರುಸೊತ್ತಿಲ್ಲ. ಹಾಗಾಗಿ ಅದಕ್ಕೆ ಮೊದಲೇ ನಾನು, ಇವರು, ಮಗಳು, ಮೂವರೂ ಒಂದು ವಾರ ಎಲ್ಲಿಗಾದರೂ ಹೋಗಿ ಬರುವುದು ವಾಡಿಕೆ. ಮನೆಯ ಹಿಂದೆ ಹತ್ತು ಸೆಂಟ್ಸ್ ಜಾಗದಲ್ಲಿ ನನ್ನ ಬಸಳೆ ಚಪ್ಪರ, ಬೆಂಡೆ, ಅಲಸಂಡೆ, ಸಾಂಬಾರು ಸೌತೆ. ಇವರು ಅದನ್ನು "ನಿನ್ನ ಕಾಡು" ಎನ್ನುತ್ತಾರೆ. ಕಾಡಿನಿಂದ ಬಂದ ಪಲ್ಯವನ್ನು ಮಾತ್ರ ಎರಡು ಸಲ ಹಾಕಿಸಿಕೊಳ್ಳುತ್ತಾರೆ.

ಪ್ರವಾಸದಲ್ಲಿ ಒಂದು ವಾರ ಹೋಟೆಲಿನ ಕೆಂಪು ಗ್ರೇವಿ ತಿಂದು ತಿಂದು ನಾಲಿಗೆ ಕೆಟ್ಟು ಹೋಗಿರುತ್ತದೆ. ಮನೆಗೆ ಬಂದ ದಿನ ಬ್ಯಾಗು ಕೆಳಗಿಟ್ಟು, ಹಿತ್ತಿಲಿಗೆ ಹೋಗಿ, ನಾನೇ ಬೆಳೆಸಿದ ತರಕಾರಿ ಕೊಯ್ದು, ಒಂದು ಸಾಂಬಾರು ಮಾಡಿ ಉಣ್ಣಬೇಕು. ನನ್ನ ಆಸೆ ಇಷ್ಟೇ. ನಾನು ಚಿನ್ನದ ಸರ ಕೇಳಿದವಳಲ್ಲ, ಕಾರು ಕೇಳಿದವಳಲ್ಲ. ಇಷ್ಟು ವರ್ಷದಲ್ಲಿ ಆ ಒಂದು ಸಾಂಬಾರು ನನಗೆ ದಕ್ಕಲಿಲ್ಲ.

ಮಳೆ ಬರುವ ಲಕ್ಷಣ

ಮೊದಲ ವರ್ಷ ಗಿಡಗಳಿಗೆ ನೀರು ಹಾಕುವ ಕೆಲಸವನ್ನು ಪಕ್ಕದ ಮನೆಯ ಅಕ್ಕನಿಗೆ ಒಪ್ಪಿಸಿದ್ದೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ ಮಾತ್ರ. ಪೈಪು ಎಲ್ಲಿದೆ, ಪಂಪಿನ ಸ್ವಿಚ್ಚು ಎಲ್ಲಿದೆ, ಎಲ್ಲ ತೋರಿಸಿಕೊಟ್ಟೆ.

"ನೀನು ಆರಾಮಲ್ಲಿ ಹೋಗು ಮಾರಾಯ್ತಿ. ನಾನಿಲ್ಲಿ ಎಂತಕ್ಕೆ ಇರುದು?" ಎಂದರು.

ಎಂತಕ್ಕೆ ಇದ್ದರೆಂದು ನನಗೆ ವಾಪಸು ಬಂದ ಮೇಲೂ ಗೊತ್ತಾಗಲಿಲ್ಲ. ಬೆಂಡೆ ಗಿಡಗಳು ಒಣಗಿ ಕಡ್ಡಿಯಾಗಿದ್ದವು. ಅಲಸಂಡೆ ಬಳ್ಳಿ ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ಪೈಪನ್ನು ನಾನು ಸುತ್ತಿಟ್ಟಲ್ಲಿಂದ ಯಾರೂ ಅಲುಗಾಡಿಸಿರಲಿಲ್ಲ, ಅದರೊಳಗೆ ಒಂದು ಓತಿಕ್ಯಾತ ಸಂಸಾರ ಹೂಡಿತ್ತು.

ಬೇಲಿಯ ಹತ್ತಿರ ನಿಂತು ಕೇಳಿದೆ. "ಅಕ್ಕ, ಒಂದು ದಿನ ಕೂಡ ನೀರು ಹಾಕ್ಲಿಲ್ವಾ?"

"ಹೇಗೆ ಹಾಕುದು? ದಿನಾ ಸಂಜೆ ಸುಬ್ರಹ್ಮಣ್ಯದ ಕಡೆಯಿಂದ ಮೋಡ ಬರುದು, ಗುಡುಗು ಬರುದು. ಈಗ ಬರ್ತದೆ, ಈಗ ಬರ್ತದೆ ಅಂತ ನಾನು ಅಂಗಳದಲ್ಲೇ ಕೂತು ಕಾಯುದು."

"ಬಂತಾ ಮಳೆ?"

"ಎಲ್ಲಿಂದ? ಒಂದು ಹನಿ ಇಲ್ಲ."

"ಹಾಗಾದ್ರೆ ಮರುದಿನ ಆದ್ರೂ ನೀರು ಹಾಕ್ಬಹುದಿತ್ತಲ್ಲ!"

ಅಕ್ಕನ ಮುಖ ಕೆಂಪಾಯಿತು. ತಪ್ಪು ಅವರದ್ದು, ಸಿಟ್ಟು ಕೂಡ ಅವರದ್ದೇ. "ಅಲ್ಲ, ನಾನು ನೀರು ಹಾಕಿ, ಅದರ ಮೇಲೆ ಮಳೆಯೂ ಬಂದು, ಬುಡ ಕೊಳೆತು ಗಿಡ ಸತ್ತಿದ್ರೆ ನೀನು ನನ್ನನ್ನೇ ಬೈಯುದಲ್ವಾ?"

ಜಿರಾಫೆಯ ಎದುರು

ಮರುವರ್ಷ ಇವರು ಪುತ್ತೂರಿಗೆ ಹೋಗಿ ಒಂದು ಕ್ಯಾಮೆರಾ ತಂದು ಮನೆಯ ಹಿಂದಿನ ಸೂರಿಗೆ ಸಿಕ್ಕಿಸಿದರು. ಮೊಬೈಲಿನಲ್ಲೇ ಹಿತ್ತಿಲು ಕಾಣುತ್ತದೆ, ಗುಂಡಿ ಒತ್ತಿ ಮಾತಾಡಿದರೆ ಅಲ್ಲಿ ಕೇಳುತ್ತದೆ. "ಇನ್ನು ಮೈಸೂರಲ್ಲಿ ಕೂತು ನಿನ್ನ ಕಾಡು ಕಾಯಿ" ಎಂದರು. ನೀರಿಗೆ ತಾನಾಗಿ ಹನಿ ಬೀಳುವ ಪೈಪು ಕೂಡ ಹಾಕಿದ್ದರು. ಈ ಸಲ ಗೆದ್ದೆ ಎಂದುಕೊಂಡೆ.

ಮೈಸೂರಿನ ಮೃಗಾಲಯದಲ್ಲಿ ಎಲ್ಲರೂ ಜಿರಾಫೆ ನೋಡುತ್ತಿದ್ದರೆ ನಾನು ಮೊಬೈಲಿನಲ್ಲಿ ಬೆಂಡೆ ನೋಡುತ್ತಿದ್ದೆ. ಆಗ ಒಂದು ದನ ಬೇಲಿಯ ಸಂದಿಯಿಂದ ಗಂಭೀರವಾಗಿ ಒಳಗೆ ಬಂತು. ನಾನು ಗುಂಡಿ ಒತ್ತಿ "ಹೋಯ್! ಹೋಯ್! ಹೋಯ್!" ಎಂದು ಕೂಗಿದೆ. ದನ ತಲೆ ಎತ್ತಿ ಕ್ಯಾಮೆರಾವನ್ನೊಮ್ಮೆ ನೋಡಿ ಮತ್ತೆ ಬೆಂಡೆಗೆ ಬಾಯಿ ಹಾಕಿತು. ಇಲ್ಲಿ ಜಿರಾಫೆ ಮಾತ್ರ ಹೆದರಿ ಓಡಿತು. ಕಾವಲುಗಾರ ಬಂದು, "ಪ್ರಾಣಿಗಳನ್ನ ಹೆದರಿಸ್ಬಾರ್ದು ಕಣಮ್ಮ, ಓದಿದವ್ರ ಥರ ಕಾಣ್ತೀರಿ" ಎಂದು ಬೈದ. ಇವರು ನನ್ನ ಪರಿಚಯವೇ ಇಲ್ಲದವರಂತೆ ಆನೆಯ ಕಡೆಗೆ ನಡೆದರು.

ಅಕ್ಕನಿಗೆ ಫೋನು ಮಾಡಿದೆ. "ಅಕ್ಕ, ಬೇಗ ಹಿತ್ತಿಲಿಗೆ ಬನ್ನಿ, ನನಗೆ ಕ್ಯಾಮೆರಾದಲ್ಲಿ ಕಾಣ್ತಾ ಉಂಟು!"

ಅಕ್ಕ ಓಡಿ ಬಂದರು. ದನದ ಕಡೆಗಲ್ಲ, ನೇರ ಕ್ಯಾಮೆರಾದ ಕಡೆಗೆ. ಕೆಳಗೆ ನಿಂತು ಮುಖವೆತ್ತಿ, "ನಾನು ಕಾಣ್ತೇನಾ?" ಎಂದರು.

"ಕಾಣ್ತೀರಿ ಅಕ್ಕ, ಹಿಂದೆ ನೋಡಿ, ದನ!"

"ಅಯ್ಯೋ, ನೈಟಿಯಲ್ಲೇ ಬಂದೆನಲ್ಲ ಮಾರಾಯ್ತಿ! ಮೊದಲೇ ಹೇಳ್ಬಾರ್ದಾ?" ಎಂದವರೇ ಮನೆಗೆ ಓಡಿದರು. ಸೀರೆ ಉಟ್ಟು, ತಲೆ ಬಾಚಿ ಮರಳಿ ಬರುವಾಗ ದನ ಬೆಂಡೆ ಮುಗಿಸಿ ಅಲಸಂಡೆಯಲ್ಲಿತ್ತು. "ಈಗ ಸರಿ ಕಾಣ್ತದಾ? ಅಲ್ಲಿ ಸೆಕೆ ಉಂಟಾ? ಮಗಳು ಎಲ್ಲಿ?" ಎಂದು ಅಕ್ಕ ಕೈ ಬೀಸಿದರು. ಅವರ ಹೆಗಲ ಹಿಂದಿನಿಂದ ನನ್ನ ಅಲಸಂಡೆ ಗೊಂಚಲು ಗೊಂಚಲಾಗಿ ದನದ ಬಾಯಿಗೆ ಹೋಗುವುದನ್ನು ನಾನು ಟಿಕೆಟು ಕೊಟ್ಟು ಒಳಗೆ ಬಂದು ನೋಡಿದೆ.

ದನ ಯಾರದ್ದೆಂದು ಹೇಳಲಿಲ್ಲ ಅಲ್ಲವೇ? ಅಕ್ಕನದ್ದೇ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದು. ನಾವು ದಿನಾ ಹಾಲು ಕೊಳ್ಳುವುದೂ ಅವರಿಂದಲೇ. ಊರಿಗೆ ಬಂದ ಮರುದಿನ ಹಾಲಿನ ಪಾತ್ರೆ ಹಿಡಿದು ಬಂದ ಅಕ್ಕ ಬಹಳ ಸಂತೋಷದಲ್ಲಿದ್ದರು.

"ದನ ಈ ವಾರ ಹಾಲು ಭಾರೀ ಲಾಯ್ಕ ಕೊಡ್ತಾ ಉಂಟು. ನೀನು ಆ ಅಲಸಂಡೆಗೆ ಎಂತ ಗೊಬ್ಬರ ಹಾಕುದು ಮಾರಾಯ್ತಿ? ಅದನ್ನೇ ಮುಂದುವರಿಸು."

ಕೇಳಿ ತಂದದ್ದು ಬದುಕುವುದಿಲ್ಲ

ಮೂರನೆಯ ವರ್ಷ ಬೇಲಿ ಭದ್ರ ಮಾಡಿದೆ. ಆ ವರ್ಷ ನನ್ನ ನಂಬಿಕೆಯೆಲ್ಲ ಬಸಳೆಯ ಮೇಲೆ. ಕೊಲ್ಲಮೊಗ್ರಿನ ತವರುಮನೆಯಿಂದ ತಂದ ತಳಿ ಅದು. ದಂಟು ಹೆಬ್ಬೆರಳಿನಷ್ಟು ದಪ್ಪ, ಎಲೆ ಅಂಗೈಯಗಲ. ಅಂಗಡಿಗೆ ಬರುವ ಗಿರಾಕಿಗಳೆಲ್ಲ ಮನೆಗೂ ಬಂದು ಚಪ್ಪರ ನೋಡಿ "ಅಬ್ಬಾ" ಎಂದು ಹೋಗುತ್ತಿದ್ದರು. ಯಾರೂ ಒಂದು ತುಂಡು ಕೊಡಿ ಎಂದು ಕೇಳಲಿಲ್ಲ. ಎಂಥ ಸಂಕೋಚದ ಜನ ಎಂದು ನಾನು ಮೆಚ್ಚಿಕೊಂಡಿದ್ದೆ.

ಅದು ಸಂಕೋಚ ಆಗಿರಲಿಲ್ಲ. ಗಿಡ ಕೇಳಿ ತಂದರೆ ಬದುಕುವುದಿಲ್ಲ, ಕದ್ದು ತಂದರೆ ಮಾತ್ರ ಚಿಗುರುತ್ತದೆ ಎಂಬುದು ನಮ್ಮ ಕಡೆಯ ಹೆಂಗಸರ ಗಟ್ಟಿ ನಂಬಿಕೆ. ಎಲ್ಲರೂ ನಾವು ಊರು ಬಿಡುವುದನ್ನೇ ಕಾಯುತ್ತಿದ್ದರು. ಒಬ್ಬೊಬ್ಬರು ಒಂದೊಂದು ತುಂಡು, ಹೆಚ್ಚೇನಿಲ್ಲ. ನಾವು ಬಂದಾಗ ಚಪ್ಪರದಲ್ಲಿ ಚಪ್ಪರ ಮಾತ್ರ ಇತ್ತು. ಬುಡ ಕೂಡ ಇರಲಿಲ್ಲ. ಕೊನೆಗೆ ಬಂದವರಿಗೆ ಬೇರೇನೂ ಸಿಗದೆ ಅದನ್ನು ಕಿತ್ತುಕೊಂಡು ಹೋಗಿದ್ದಿರಬೇಕು.

ಕೆಲವು ದಿನಗಳ ನಂತರ ಇಚಿಲಂಪಾಡಿಯಿಂದ ಬರುವ ಗಿರಾಕಿಯೊಬ್ಬರು ರವಿಕೆಯ ಅಳತೆ ಕೊಡಲು ನಿಂತವರು ಹೇಳಿದರು. "ನಿಮ್ಮ ಬಸಳೆ ನಮ್ಮಲ್ಲಿ ಎಷ್ಟು ಚಂದ ಚಿಗುರಿದೆ ಗೊತ್ತುಂಟಾ? ನಿಮ್ಮ ಕೈಗುಣ!"

ಕದ್ದದ್ದನ್ನು ನನಗೇ ಹೇಳುವ ಧೈರ್ಯ ನೋಡಿ! ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು, ಹಾಗಾಗಿ ಮಾತು ಹೊರಗೆ ಬರಲಿಲ್ಲ. ಸೂಜಿ ತೆಗೆದು, ಸಿಟ್ಟು ನುಂಗಿ, "ನನ್ನಲ್ಲಿ ಬೀಜಕ್ಕೂ ಉಳಿಯಲಿಲ್ಲ. ನನಗೊಂದು ತುಂಡು ಕೊಡಿ" ಎಂದೆ. ನನ್ನ ಬಸಳೆಯನ್ನು ನಾನೇ ಬೇಡುವ ಗತಿ.

ಅವರಿಗೆ ಪಾಪ, ಬಹಳ ಬೇಸರವಾಯಿತು. "ಕೊಡುದಕ್ಕೆ ಎಂತ ಅಕ್ಕ, ರಾಶಿ ಉಂಟು. ಆದ್ರೆ ಕೇಳಿ ತೆಗೊಂಡದ್ದು ಬದುಕುದಿಲ್ಲಲ್ಲ?" ಸ್ವಲ್ಪ ಯೋಚಿಸಿ ಧ್ವನಿ ತಗ್ಗಿಸಿದರು. "ಒಂದು ಕೆಲ್ಸ ಮಾಡಿ. ಆದಿತ್ಯವಾರ ನಾವೆಲ್ಲ ಮದುವೆಗೆ ಹೋಗ್ತೇವೆ, ಮನೆಯಲ್ಲಿ ಯಾರೂ ಇರುದಿಲ್ಲ. ಆಗ ಬನ್ನಿ."

ದೇವರ ಸೌತೆ

ಈ ವರ್ಷ ಸಾಂಬಾರು ಸೌತೆ ಬಂದ ಹಾಗೆ ಯಾವ ವರ್ಷವೂ ಬಂದಿರಲಿಲ್ಲ. ಎಲೆ ಸರಿಸಿದರೆ ಸಾಕು, ಕೆಳಗೆ ಮಕ್ಕಳು ಮಲಗಿದ ಹಾಗೆ ಸಾಲು ಸಾಲು ಕಾಯಿ. ಬಂದ ದಿನ ಒಂದನ್ನು ಕೊಯ್ದು ಸಾಂಬಾರು, ಉಳಿದದ್ದನ್ನು ಬಾಳೆಹಗ್ಗದಲ್ಲಿ ಕಟ್ಟಿ ಅಡುಗೆಮನೆಯ ಮಾಡಿಗೆ ತೂಗು ಹಾಕಿದರೆ ಮಳೆಗಾಲವಿಡೀ ತರಕಾರಿಯ ಚಿಂತೆಯಿಲ್ಲ ಎಂದು ಲೆಕ್ಕ ಹಾಕಿದ್ದೆ.

ಕಾಯುವುದು ಹೇಗೆ? ತಲೆ ಓಡಿಸಿದೆ. ನಮ್ಮೂರಲ್ಲಿ ಪೊಲೀಸರಿಗೆ ಹೆದರದವರು ಇದ್ದಾರೆ, ದೇವರ ಸೊತ್ತಿಗೆ ಕೈ ಹಾಕುವವರು ಇಲ್ಲ. ಬಟ್ಟೆ ಬಂದ ರಟ್ಟಿನ ಪೆಟ್ಟಿಗೆ ಹರಿದು, "ಇದು ದೇವರಿಗೆ ಇಟ್ಟದ್ದು, ಯಾರೂ ಮುಟ್ಟಬಾರದು" ಎಂದು ದೊಡ್ಡದಾಗಿ ಬರೆದು ಬೇಲಿಗೆ ಕಟ್ಟಿದೆ.

"ದೇವರ ಹೆಸರಲ್ಲಿ ಸುಳ್ಳಾ?" ಎಂದರು ಇವರು.

"ಸುಳ್ಳಲ್ಲ, ಮುನ್ನೆಚ್ಚರಿಕೆ. ಬಂದ ಮೇಲೆ ಒಂದು ತೆಂಗಿನಕಾಯಿ ಒಡೆಸ್ತೇನೆ" ಎಂದೆ.

ಆ ವಾರ ಊರ ದೇವಸ್ಥಾನದಲ್ಲಿ ಬ್ರಹ್ಮಕಲಶ. ದಿನಾ ಬಂದವರಿಗೆಲ್ಲ ಊಟ. ಅದಕ್ಕಾಗಿ ಮನೆಮನೆಯಿಂದ ಅಕ್ಕಿ, ಕಾಯಿ, ತರಕಾರಿ ಸೇರಿಸಿ, ವಾಹನಗಳಲ್ಲಿ ತುಂಬಿ, ಚೆಂಡೆಯೊಂದಿಗೆ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಅದೇ ಹೊರೆಕಾಣಿಕೆ. ನಮ್ಮ ಪಾಲಿನ ಅಕ್ಕಿ, ಕಾಯಿಯನ್ನು ನಾನು ಅಕ್ಕನ ಮನೆಯಲ್ಲಿ ಕೊಟ್ಟೇ ಹೋಗಿದ್ದೆ. ಉತ್ಸವದ ಕೊನೆಯ ದಿನ ಬೆಳಿಗ್ಗೆ ಊರು ಮುಟ್ಟುವ ಹಾಗೆ ಟಿಕೆಟು ಮಾಡಿಸಿದ್ದೆವು.

ಬಂದು ನೋಡಿದರೆ ಹಿತ್ತಿಲು ಕಂಗೊಳಿಸುತ್ತಿತ್ತು! ನೆಲ ಒದ್ದೆ, ಕಳೆ ಕಿತ್ತಿದ್ದಾರೆ, ಬೇಲಿಗೆ ಹೊಸ ಗೂಟ. ನನ್ನ ಕಣ್ಣಲ್ಲಿ ನೀರು ಬಂತು. ಎಲೆ ಸರಿಸಿದೆ. ಇನ್ನೊಂದು ಎಲೆ ಸರಿಸಿದೆ. ಬಳ್ಳಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಕಾಯಿ ಇಲ್ಲ. ಹೂವು ಉದುರದ ಮಿಡಿ ಕೂಡ ಇಲ್ಲ.

ಬೇಲಿಯ ಆಚೆಯಿಂದ ಅಕ್ಕ ಹೆಮ್ಮೆಯಿಂದ ನಗುತ್ತಿದ್ದರು. "ನಿನ್ನ ಬೋರ್ಡು ನೋಡಿ ನಮಗೆ ಎಷ್ಟು ಖುಷಿ ಆಯ್ತು ಮಾರಾಯ್ತಿ! ಎಲ್ಲ ಹೊರೆಕಾಣಿಕೆಗೆ ಹೋಯ್ತು. ನಿನ್ನ ಭಾವನೇ ಮುಂದೆ ನಿಂತು ಕೊಯ್ದದ್ದು." ಭಾವ ಅಂದರೆ ಅಕ್ಕನ ಗಂಡ.

"ಮಿಡಿ ಕೂಡವಾ ಅಕ್ಕ?"

"ಮಿಡಿ ಇರ್ಲಿ ಅಂತ ನಾನು ಹೇಳಿದೆ. ಭಾವ ಬಿಡ್ಲಿಲ್ಲ. ದೇವರಿಗೆ ಅಂತ ಹೇಳಿ ಆದ ಮೇಲೆ ಒಂದು ಉಳಿದ್ರೂ ದೋಷ ನಿನಗೇ ಅಲ್ವಾ?"

"ಹನಿ ಪೈಪಿಂದ ನೆಲ ಇಷ್ಟು ಒದ್ದೆ ಆಗುದಿಲ್ಲ. ನೀರು ಯಾರು ಹಾಕಿದ್ದು?"

"ನಾನೇ. ದಿನಾ ಎರಡು ಹೊತ್ತು. ದೇವರ ಗಿಡಕ್ಕೆ ನೀರು ತಪ್ಪಿಸ್ಲಿಕ್ಕೆ ಆಗ್ತದಾ?"

ಅಂದರೆ ನನ್ನ ಗಿಡಕ್ಕೆ ತಪ್ಪಿಸಲಿಕ್ಕೆ ಆಗುತ್ತದೆ! ಮೈಯೆಲ್ಲ ಉರಿಯಿತು. ಆದರೆ ಯಾವ ಬಾಯಲ್ಲಿ ಕೇಳುವುದು? ಬೋರ್ಡು ನನ್ನದು, ಅಕ್ಷರ ನನ್ನದು. ಇವರು ಆಚೆ ತಿರುಗಿ ಕೆಮ್ಮುತ್ತಿದ್ದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

ಮಧ್ಯಾಹ್ನ ದೇವಸ್ಥಾನಕ್ಕೆ ಹೋದರೆ ಮೈಕಿನಲ್ಲಿ ನನ್ನದೇ ಸುದ್ದಿ. "ಪೇಟೆಯ ಟೈಲರ್ ಅಕ್ಕನವರು ತಮ್ಮ ಮನೆಗೆ ಒಂದನ್ನೂ ಇಟ್ಟುಕೊಳ್ಳದೆ ಎಲ್ಲವನ್ನೂ ಸಮರ್ಪಿಸಿದ್ದಾರೆ. ಇಂಥ ಮನಸ್ಸು ಎಲ್ಲರಿಗೂ ಬರಲಿ." ಗುರುತಿನವರೆಲ್ಲ ಬಂದು ಕೈ ಮುಗಿದರು. ಇವರು ಸೌತೆಯನ್ನು ತಾವೇ ಬಿತ್ತಿದವರ ಹಾಗೆ ಎಲ್ಲರಿಗೂ ಮರಳಿ ಕೈ ಮುಗಿಯುತ್ತಿದ್ದರು.

ಹೋಗಲಿ, ಬಂದ ದಿನವೇ ನನ್ನ ಸೌತೆಯ ಸಾಂಬಾರು ಉಣ್ಣುವುದಂತೂ ಆಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ಪಂಕ್ತಿಯಲ್ಲಿ ಕುಳಿತೆ. ಮನೆಯಲ್ಲಾದರೇನು, ದೇವರ ಅಂಗಳದಲ್ಲಾದರೇನು? ತೆಂಗಿನೆಣ್ಣೆಯ ಒಗ್ಗರಣೆಯ ಪರಿಮಳ ಬಂತು. ಸಾಂಬಾರಿನ ಬಕೆಟು ಹಿಡಿದು, ಸೊಂಟಕ್ಕೆ ಟವೆಲು ಬಿಗಿದು ಬಂದವರು ಭಾವ. ನನ್ನ ಪಕ್ಕದ ಎಲೆಯಲ್ಲಿ ಕುಳಿತ ಯಾರೋ ಪರವೂರಿನವರಿಗೆ ಸೌಟು ಮುಳುಗಿಸಿ, ಕೆದಕಿ, ನಾಲ್ಕು ದೊಡ್ಡ ಹೋಳು ಹಾಕಿದರು. ನನಗೆ ಬಂದಾಗ ಸೌಟು ಮೇಲೆಯೇ ತೇಲಿತು. ಅನ್ನದ ಮೇಲೆ ಬಿದ್ದದ್ದು ಬರೀ ನೀರು.

ನಾನು ನಾಚಿಕೆ ಬಿಟ್ಟು ಕೈ ಒಡ್ಡಿದೆ. "ಭಾವ, ಎರಡು ಹೋಳು ಹಾಕಿ."

ಭಾವ ನಿಂತರು. ನನ್ನ ಎಲೆ ನೋಡಿದರು, ಬಕೆಟು ನೋಡಿದರು. ಮತ್ತೆ ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳಿದರು:

"ಹೋಳು ಕಮ್ಮಿ ಉಂಟು ಮಾರಾಯ್ತಿ. ಪಾಪ, ಮನೆಯಲ್ಲಿ ಸೌತೆ ಇಲ್ಲದವರು ತಿನ್ಲಿ. ನಿನಗೆಂತ, ಹಿತ್ತಿಲು ತುಂಬ ಬೆಳೆಸುವವಳು!"