ದೊಡ್ಡತಾಯಮ್ಮ ಫೇಲಾದ ವೃತ್ತಾಂತ

ಬಹಳ ಹಿಂದೆ, ಜನ ಹಸಿವಾದಾಗ ಊಟ ಮಾಡುತ್ತಿದ್ದಷ್ಟು ಹಿಂದೆ, ವಿಸ್ತಾರಪುರಿ ಎಂಬ ರಾಜ್ಯವೊಂದಿತ್ತು. ಅದನ್ನು ಶ್ರೀಮನ್ಮಹಾರಾಜ ಗಂಭೀರವರ್ಮರು ಆಳುತ್ತಿದ್ದರು. ಅವರು ಹುಟ್ಟಾ ದಡ್ಡರೇನಲ್ಲ, ಓದುಗ ಪ್ರಭುಗಳು ತಪ್ಪು ತಿಳಿಯಬಾರದು. ಆ ಯೋಗ್ಯತೆಯನ್ನು ಸಲಹೆಗಾರರ ನೆರವಿನಿಂದ ಕ್ರಮೇಣ ಸಂಪಾದಿಸಿದ್ದರು.

ರಾಜಧಾನಿಯ ಹೆಬ್ಬಾಗಿಲ ಪಕ್ಕದಲ್ಲಿ ಒಂದು ಅನ್ನಛತ್ರವಿತ್ತು. ನಲವತ್ತು ವರ್ಷಗಳಿಂದ ಅದನ್ನು ನಡೆಸುತ್ತಿದ್ದವಳು ದೊಡ್ಡತಾಯಮ್ಮ ಎಂಬ ಮುದುಕಿ. ಆಕೆಗೆ ಓದುಬರಹ ಬಾರದು. ದಿನಾ ಬೆಳಿಗ್ಗೆ ಅಕ್ಕಿ ಅಳೆಯುವ ಮೊದಲು ಹೊರಗೆ ಬಂದು ಸಾಲಿನ ಉದ್ದಕ್ಕೂ ಒಮ್ಮೆ ನಡೆಯುತ್ತಿದ್ದಳು. ತಲೆ ಎಣಿಸುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಮೊಣಕಾಲವರೆಗೆ ಧೂಳು ಮೆತ್ತಿದ್ದರೆ ಅವನು ದೂರದಿಂದ ನಡೆದು ಬಂದವನು, ಇಬ್ಬರ ಊಟ ಉಣ್ಣುತ್ತಾನೆ. ಪಾದಕ್ಕಷ್ಟೇ ಧೂಳಿದ್ದರೆ ಪಕ್ಕದ ಹಳ್ಳಿಯವನು. ಕಾಲು ಶುಭ್ರವಾಗಿದ್ದರೆ ಊರಿನವನೇ, ಹೆಂಡತಿಯ ಜೊತೆ ಜಗಳವಾಡಿಕೊಂಡು ಬಂದಿದ್ದಾನೆ, ಅವನಿಗೆ ಒಂದು ಸೌಟು ಸಾಕು. ಹೀಗೆ ಅಳೆದು ಬೇಯಿಸಿದ ಅನ್ನ ಒಂದು ದಿನವೂ ಉಳಿಯಲಿಲ್ಲ. ಹಸಿದು ಎದ್ದು ಹೋದವರೂ ಇರಲಿಲ್ಲ.

ಈಚೆಗೆ ಆಕೆಯ ಕಣ್ಣು ಮಂಜಾಗತೊಡಗಿತ್ತು. ಒಂದು ದಿನ ಕೋಲೂರಿಕೊಂಡು ಆಸ್ಥಾನಕ್ಕೆ ಬಂದಳು.

“ಧೂಳು ಕಾಣಾಕಿಲ್ಲ ಬುದ್ಧಿ,” ಎಂದಳು. “ಕಣ್ಣು ಚುರುಕಾಗಿರೋ ಒಬ್ರನ್ನ ಕೊಡಿ. ನಾನು ಸಾಯೋದ್ರೊಳಗೆ ಕಲಿಸ್ಕೊಡ್ತೀನಿ. ಒಲೆ ಆರಬಾರ್ದು, ಅಷ್ಟೇಯ.”

ವಿದ್ಯಾಮಂತ್ರಿ ಸೂಕ್ತಿಸಾಗರರು ಥಟ್ಟನೆ ಎದ್ದು ನಿಂತರು. “ಪ್ರಭುಗಳ ದೂರದೃಷ್ಟಿಗೆ ನಮೋ ನಮಃ. ಈ ಮುದುಕಿಯ ಕಣ್ಣು ಮುಂದೊಂದು ದಿನ ಮಂಜಾಗುವುದೆಂದು ಅಂದೇ ಊಹಿಸಿ ಒಂಬತ್ತು ಮ್ಯಾನೇಜ್‌ಮೆಂಟ್ ವಿದ್ಯಾಪೀಠಗಳನ್ನು ಸ್ಥಾಪಿಸಿದ್ದೀರಿ.”

ಪಕ್ಕದ ರಾಜ್ಯದಲ್ಲಿ ಎಂಟು ಇದ್ದವು ಎಂಬ ಕಾರಣಕ್ಕೆ ಸ್ಥಾಪಿಸಿದ್ದು ಮಹಾರಾಜರಿಗೆ ನೆನಪಿತ್ತು. ಆದರೂ ಈ ಕಾರಣ ಹೆಚ್ಚು ಚೆನ್ನಾಗಿದೆ ಅನ್ನಿಸಿ ತಲೆಯಾಡಿಸಿದರು.

ಹಾಗೆ ಛತ್ರಕ್ಕೆ ಬಂದವನು ನಿಪುಣಶೇಖರ, ಅನ್ನ ಸಂಪನ್ಮೂಲ ನಿರ್ವಹಣೆಯ ಮೊದಲ ಬ್ಯಾಚಿನಲ್ಲಿ ಚಿನ್ನದ ಪದಕ ಪಡೆದವನು. ಉತ್ತರೀಯದ ಮೇಲೆ ಟೈ ಕಟ್ಟಿದ್ದ. ಎರಡು ವರ್ಷದ ವಿದ್ಯಾಭ್ಯಾಸದಲ್ಲಿ ಅನ್ನವನ್ನು ಎಲ್ಲ ಕೋನಗಳಿಂದ ವಿಶ್ಲೇಷಿಸಿದ್ದ, ಬೇಯಿಸುವುದೊಂದನ್ನು ಬಿಟ್ಟು. ಐದು ವರ್ಷಗಳ ನಂತರ ಈ ಛತ್ರವನ್ನು ಎಲ್ಲಿ ನೋಡಬಯಸುತ್ತೀರಿ ಎಂದು ದೊಡ್ಡತಾಯಮ್ಮನನ್ನು ಕೇಳಿದ. ಇಲ್ಲೇ, ಹೆಬ್ಬಾಗಿಲ ಪಕ್ಕದಲ್ಲಿ ಎಂದಳು ಅವಳು. ಅವನು ಅದನ್ನು ಮಹತ್ವಾಕಾಂಕ್ಷೆಯ ಕೊರತೆ ಎಂದು ಬರೆದುಕೊಂಡ.

ಹುಡುಗ ಕೆಟ್ಟವನಲ್ಲ, ಕೆಲಸ ಮಾಡಬೇಕೆಂಬ ಆಸೆ ಇದ್ದವನೇ. ಎರಡನೆಯ ದಿನ ಸಾಲನ್ನು ವೀಕ್ಷಿಸಿದಾಗ ಜನರ ಕಾಲೆಲ್ಲ ಕೊಳೆಯಾಗಿರುವುದು ಅವನ ಗಮನಕ್ಕೆ ಬಂತು. ಇದರಿಂದ ಛತ್ರದ ಬ್ರ್ಯಾಂಡ್ ಇಮೇಜಿಗೆ ಧಕ್ಕೆ ಎಂದು ಬಾಗಿಲಲ್ಲೇ ಪನ್ನೀರಿನ ತೊಟ್ಟಿ ಕಟ್ಟಿಸಿ, ಕಾಲು ತೊಳೆದವರಿಗೆ ಮಾತ್ರ ಪ್ರವೇಶ ಎಂದು ಬೋರ್ಡು ಹಾಕಿಸಿದ. ಮರುದಿನ ಐನೂರು ಜೊತೆ ಕಾಲುಗಳು ಫಳಫಳ ಹೊಳೆಯುತ್ತಿದ್ದವು. ಯಾರು ಎಲ್ಲಿಂದ ನಡೆದು ಬಂದರೆಂದು ಈಗ ಚುರುಕು ಕಣ್ಣಿನವರಿಗೂ ತಿಳಿಯುವಂತಿರಲಿಲ್ಲ. ನಿಪುಣಶೇಖರ ಸರಾಸರಿ ತೆಗೆದು ತಲಾ ಎರಡು ಸೌಟು ಎಂದು ನಿಗದಿ ಮಾಡಿದ.

ಊರಿನವರು ಅರ್ಧ ಬಿಟ್ಟು ಎದ್ದರು. ಮೂರು ದಿನ ನಡೆದು ಬಂದವರು ಎಲೆ ಸವರಿ, ಒಲೆಯ ಕಡೆ ಒಮ್ಮೆ ನೋಡಿ ಎದ್ದು ಹೋದರು. ದೊಡ್ಡತಾಯಮ್ಮ ಉಗ್ರಾಣದ ಬಾಗಿಲಿಗೆ ಒರಗಿ ಅತ್ತಳು.

ಮತ್ತೆ ಆಸ್ಥಾನಕ್ಕೆ ಹೋದಳು. “ಹುಡ್ಗ ಒಳ್ಳೇವ್ನೇ ಬುದ್ಧಿ. ಆದ್ರೆ ಅವ್ನು ಕಲ್ತಿರೋದು ಒಂದು, ನಂಗೆ ಬೇಕಾಗಿರೋದು ಇನ್ನೊಂದು.”

ಕಲಿಕೆಗೂ ಕೆಲಸಕ್ಕೂ ಅಂತರವಿದೆಯೆಂಬ ವಾರ್ತೆ ಕೇಳಿ ಆಸ್ಥಾನ ತಲ್ಲಣಿಸಿತು. ತಕ್ಷಣ ಉನ್ನತ ಮಟ್ಟದ ಸಮಿತಿ ರಚನೆಯಾಯಿತು. ನಿಷ್ಪಕ್ಷಪಾತವಾಗಿರಲೆಂದು ಒಂಬತ್ತು ವಿದ್ಯಾಪೀಠಗಳ ಒಂಬತ್ತು ಕುಲಪತಿಗಳನ್ನೇ ಅದರಲ್ಲಿ ಕೂರಿಸಲಾಯಿತು. ಆರು ತಿಂಗಳ ಬಳಿಕ ವರದಿ ಆನೆಯ ಮೇಲೆ ಬಂತು. ಅಂತರವಿರುವುದು ನಿಜ, ಪಠ್ಯಕ್ರಮ ನಿರ್ದುಷ್ಟವಾಗಿದೆ, ಆದ್ದರಿಂದ ದೋಷ ಕೆಲಸದಲ್ಲಿಯೇ ಇದೆ ಎಂಬುದು ಅದರ ಸಾರ.

ಮಹಾರಾಜರು ರಾಜಾಜ್ಞೆ ಹೊರಡಿಸಿದರು. ಇನ್ನು ಮೇಲೆ ರಾಜ್ಯದ ಸಮಸ್ತ ಕೆಲಸಗಳೂ ಪಠ್ಯಕ್ರಮಕ್ಕೆ ಅನುಗುಣವಾಗಿ ನಡೆದುಕೊಳ್ಳತಕ್ಕದ್ದು. ಪದವಿ ಇಲ್ಲದವರು ಸಾರ್ವಜನಿಕ ಒಲೆಯನ್ನು ಮುಟ್ಟತಕ್ಕದ್ದಲ್ಲ.

ಅಡುಗೆ ಪಠ್ಯದಲ್ಲಿರಲಿಲ್ಲ. ಹಾಗಾಗಿ ಛತ್ರದಲ್ಲಿ ಅಡುಗೆ ನಿಂತಿತು. ಮಧ್ಯಾಹ್ನ ಜನರನ್ನು ಸಾಲಾಗಿ ಕೂರಿಸಿ, ಎಲೆ ಹಾಕಿ, ನೀರು ಚಿಮುಕಿಸಿ, ಗೋಡೆಯ ಮೇಲೆ ಊಟದ ಪ್ರೆಸೆಂಟೇಶನ್ ತೋರಿಸತೊಡಗಿದರು. ಉಪ್ಪಿನಿಂದ ಪಾಯಸದವರೆಗೆ ಇಪ್ಪತ್ತೆರಡು ಸ್ಲೈಡು. ಕೊನೆಗೆ ಪ್ರಶ್ನೋತ್ತರಕ್ಕೆ ಐದು ನಿಮಿಷ. ಎಲ್ಲರದೂ ಒಂದೇ ಪ್ರಶ್ನೆ. ಅನ್ನ ಪೋಲಾಗುವ ಪ್ರಮಾಣ ಶೂನ್ಯಕ್ಕಿಳಿದಿದೆ ಎಂದು ಅರಮನೆಗೆ ವರದಿ ಹೋಯಿತು.

ಒಲೆ ಆರಿದ್ದನ್ನು ನೋಡಲಾರದೆ ದೊಡ್ಡತಾಯಮ್ಮ ಪದವಿ ಪಡೆಯಲು ತಾನೇ ವಿದ್ಯಾಪೀಠ ಸೇರಿದಳು. ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಇದು: ‘ಹಸಿದ ಐನೂರು ಮಂದಿ ಬಾಗಿಲಲ್ಲಿದ್ದಾರೆ. ನಿಮ್ಮ ಕಾರ್ಯತಂತ್ರವನ್ನು ಚಿತ್ರಸಹಿತ ವಿವರಿಸಿ. ಇಪ್ಪತ್ತು ಅಂಕ.’ ಲಿಪಿಕಾರ ಓದಿ ಹೇಳಿದ. ಅವಳು ಉತ್ತರ ಬರೆಸಿದಳು: “ಕಾಲು ನೋಡಿ ಅಕ್ಕಿ ಇಕ್ಕಬೇಕು.”

ಚಿತ್ರವಿಲ್ಲ ಎಂದು ಸೊನ್ನೆ ಕೊಟ್ಟರು.

ಅದೇ ವಾರ ಘಟಿಕೋತ್ಸವ. ಶಿಕ್ಷಣ ಮತ್ತು ಉದ್ಯೋಗದ ಅಂತರವನ್ನು ಅಳಿಸಿದ್ದಕ್ಕಾಗಿ ಮಹಾರಾಜರಿಗೆ ಗೌರವ ಡಾಕ್ಟರೇಟು. ಬಳಿಕ ಔತಣ. ಆಜ್ಞೆ ಎಂದ ಮೇಲೆ ಅರಮನೆಯ ಅಡುಗೆಮನೆಗೂ ಅನ್ವಯಿಸಬೇಕಲ್ಲ, ಆ ದಿನದಿಂದ ಅಲ್ಲಿಯೂ ಪದವೀಧರರನ್ನೇ ನೇಮಿಸಿದ್ದರು. ಪಾಯಸದ ಸ್ಲೈಡು ಮುಗಿದು ದೀಪ ಹತ್ತಿದಾಗ ಮಹಾರಾಜರು ಎಲ್ಲರ ಜೊತೆ ಚಪ್ಪಾಳೆ ತಟ್ಟಿ, ಮಂತ್ರಿಯ ಕಿವಿಯಲ್ಲಿ ಕೇಳಿದರು: “ತಿನ್ನುವ ಭಾಗ ಯಾವಾಗ?”

“ಅದು ಪಠ್ಯದಲ್ಲಿಲ್ಲ ಪ್ರಭು.”

ಆಜ್ಞೆಯನ್ನು ಹಿಂತೆಗೆಯುವುದು ರಾಜಧರ್ಮವಲ್ಲ. ಆದ್ದರಿಂದ ಪ್ರಜಾ ಇಂಟರ್ನ್‌ಶಿಪ್ ಎಂಬ ಹೊಸ ಯೋಜನೆ ಘೋಷಣೆಯಾಯಿತು. ಸರದಿಯ ಪ್ರಕಾರ ದಿನಕ್ಕೊಂದು ಮನೆಯವರು ಅರಮನೆಗೆ ಊಟ ಕಳಿಸಬೇಕು. ಸಂಬಳವಿಲ್ಲ, ಸರ್ಟಿಫಿಕೇಟು ಉಂಟು.

ಮಳೆಗಾಲದ ಹೊತ್ತಿಗೆ ದೊಡ್ಡತಾಯಮ್ಮನ ಮನೆಯ ಸರದಿ ಬಂತು. ಮಹಾರಾಜರು ಈವತ್ತು ಎಷ್ಟು ದೂರ ನಡೆದಿದ್ದಾರೆ ಎಂದು ಊಟ ಒಯ್ಯಲು ಬಂದ ಕಾವಲುಗಾರನನ್ನು ಕೇಳಿದಳು. ಮಂಚದಿಂದ ಸಿಂಹಾಸನದವರೆಗೆ ಎಂದ ಅವನು. ಅವಳು ಲೆಕ್ಕ ಹಾಕಿ ಅಷ್ಟೇ ಅನ್ನ ಮಾಡಿ ಕಳಿಸಿದಳು.

ಮಹಾರಾಜರು ಉಂಡು ತೇಗಿದರು. ಎಲೆಯಲ್ಲಿ ಒಂದು ಅಗುಳೂ ಉಳಿದಿರಲಿಲ್ಲ, ಇನ್ನೊಂದು ತುತ್ತು ಬೇಕು ಅನ್ನಿಸಲೂ ಇಲ್ಲ. “ಭಲೇ,” ಎಂದರು, “ಇದನ್ನು ಮಾಡಿದವರು ನಮ್ಮ ಯಾವ ಬ್ಯಾಚಿನವರು?”

“ಮೊದಲ ಬ್ಯಾಚು ಪ್ರಭು,” ಎಂದರು ಸೂಕ್ತಿಸಾಗರರು ರೆಪ್ಪೆ ಅಲುಗಿಸದೆ. “ಚಿನ್ನದ ಪದಕ.”

ನಿಪುಣಶೇಖರನಿಗೆ ಎರಡನೆಯ ಪದಕ ಬಂತು, ಒಂಬತ್ತು ವಿದ್ಯಾಪೀಠಗಳು ಹದಿನೆಂಟಾದವು. ಅತ್ತ ಹೆಬ್ಬಾಗಿಲಲ್ಲಿ ಮೂರು ದಿನ ನಡೆದು ಬಂದವರು ಪನ್ನೀರಿನಲ್ಲಿ ಕಾಲು ತೊಳೆದುಕೊಂಡು ಪಾಯಸದ ಚಿತ್ರದ ಮುಂದೆ ಕೂತಿದ್ದರು. ಮನೆಯಲ್ಲಿದ್ದ ಕೊನೆಯ ಅಕ್ಕಿಯನ್ನು ಅರಮನೆಗೆ ಬೇಯಿಸಿ ಕಳಿಸಿದ್ದ ದೊಡ್ಡತಾಯಮ್ಮ ಆ ದಿನ ಛತ್ರಕ್ಕೆ ಬಂದು ಅವರ ಪಕ್ಕದಲ್ಲೇ ಎಲೆ ಹಾಕಿಸಿಕೊಂಡಳು.